ಹಿಂಬಾಗಿಲಿನಿಂದ ಬನ್ನಿ

ಮೊದಲು ಸಿಕ್ಕಿದ್ದು ಅರ್ಧ ಚಿಪ್ಪು,
ಗ್ಯಾರೇಜಿನ ಮುಂದೆ, ಆಗಷ್ಟೇ ಕತ್ತರಿಸಿದ ಹುಲ್ಲಿನ ಮೇಲೆ.
ಬಣ್ಣಕ್ಕೆ ಹೆಸರು ಹುಡುಕಿದೆ.
ಆಕಾಶವಲ್ಲ, ನವಿಲುಗೊರಳಲ್ಲ,
ಬಿಳಿ ಯೂನಿಫಾರ್ಮಿಗೆಂದು ಅವ್ವ ಬಕೆಟ್ಟಿನಲ್ಲಿ ಕದಡಿದ ನೀಲಿ
ಮೂರನೆಯ ಬಟ್ಟೆಯ ಹೊತ್ತಿಗೆ ತೆಳುವಾಗುತ್ತಿತ್ತಲ್ಲ, ಅದು.
"ರಾಬಿನ್," ಅಂದಳು ಬೇಲಿಯಾಚೆಯ ಲೊರೇನ್.
ನಕ್ಕುಬಿಟ್ಟೆ.
ಹುಬ್ಬಳ್ಳಿಯ ಕಿರಾಣಿ ಅಂಗಡಿಯಲ್ಲಿ
"ಒಂದು ರಾಬಿನ್ ನೀಲಿ ಕೊಡ್ರಿ" ಅಂತ ಎಷ್ಟು ವರ್ಷ ಕೇಳಿದ್ದೆ,
ಅದೊಂದು ಹಕ್ಕಿಯ ಹೆಸರೆಂದು ತಿಳಿಯದೆ.

ಲೊರೇನ್ ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವಳು,
ಸೀಡರ್ ಫಾಲ್ಸಿನ ಮರಮರದ ಬಾಡಿಗೆದಾರರನ್ನೂ ಬಲ್ಲವಳು.
ಬಟ್ಟಲಿಗೆ ಒಳಗಿಂದ ಕೆಸರು ಸಾರಿಸಿದ್ದರೆ ರಾಬಿನ್.
ಪೋರ್ಚಿನ ದೀಪದ ಮೇಲೆ ಪಾಚಿ ಹೊದ್ದು ಕೂತಿದ್ದರೆ ಫೀಬಿ.
ನಾಲ್ಕೇ ಕಡ್ಡಿ, ಕೆಳಗೆ ನಿಂತರೆ ಮೊಟ್ಟೆ ಕಾಣುತ್ತದೋ,
ಅದು ಪಾರಿವಾಳದ ದಾಯಾದಿ, ಶುದ್ಧ ಸೋಮಾರಿ,
ಆದರೂ ಊರ ತುಂಬ ಅದರದೇ ಸಂತಾನ.
ಪಾಠದ ಕೊನೆಗೆ ಯಾವಾಗಲೂ ಒಂದೇ ಮಾತು:
ಮುಟ್ಟುವುದು ಕಣ್ಣಿಂದ, ಕೈ ಬೆನ್ನ ಹಿಂದೆ.
ಖಾಲಿ ಗೂಡನ್ನೂ ಒಳಗೊಯ್ಯುವಂತಿಲ್ಲ, ಕಾನೂನಿದೆ ಇಲ್ಲಿ.

ಏಪ್ರಿಲ್ ಕೊನೆಗೆ ನಮ್ಮ ಬಾಗಿಲಿಗೇ ಬಂತು.
ಕ್ರಿಸ್‌ಮಸ್ಸಿಗೆ ತೂಗಿಹಾಕಿ ತೆಗೆಯಲು ಮರೆತ
ಪ್ಲಾಸ್ಟಿಕ್ ಎಲೆಯ ಹಾರ. ಅದರ ನೆತ್ತಿಯಲ್ಲಿ ಒಂದು ಬೊಗಸೆ:
ಹುಲ್ಲು, ಬೇರು, ಡ್ರೈಯರಿನ ಬೂದು ಜೂಲು,
ಮತ್ತೆ, ನಾಚಿಕೆಯಾಯಿತು, ನನ್ನದೇ ಉದ್ದ ಕೂದಲು,
ಅರ್ಧ ನರೆ, ಅರ್ಧ ಮೆಹಂದಿ.
ಎದುರಿನ ತಂತಿಯ ಮೇಲೆ
ಎದೆಗೆಲ್ಲ ಕುಂಕುಮ ಚೆಲ್ಲಿಕೊಂಡ ಗಂಡು ಫಿಂಚ್.
"ಬಾಣಂತಿ ಇದ್ದಾಳೆ, ಹಿಂಬಾಗಿಲಿನಿಂದ ಬನ್ನಿ,"
ಮೇದಿನಿ ಬರೆದು ಅಂಟಿಸಿದಳು, ಎರಡೂ ಭಾಷೆಯಲ್ಲಿ.
ಕನ್ನಡದ್ದು ಅಪ್ಪನಿಗಂತೆ,
ಮರೆಯುವವನು ಅವನೊಬ್ಬನೇ.

ಸೌಟಿಗೆ ಕೈಗನ್ನಡಿ ಕಟ್ಟಿ ಎತ್ತಿ ನೋಡಿದೆವು.
ನಾಲ್ಕು ಮೊಟ್ಟೆ, ಹಾಲಿಗೆ ಒಂದು ಹನಿ ನೀಲಿ ಬಿದ್ದ ಬಿಳುಪು,
ದಪ್ಪ ತುದಿಗೆ ಮಾತ್ರ ಎಣಿಸಬಹುದಾದಷ್ಟು ಕರಿಚುಕ್ಕೆ.
ಐದನೆಯದು ಬೇರೆ.
ಗಾತ್ರ ದೊಡ್ಡದು, ಮೈತುಂಬ ರಾಗಿಹಿಟ್ಟು ಉದುರಿಸಿದಂತೆ ಕಂದು.
"ಕೌಬರ್ಡ್," ಅಂದಳು ಲೊರೇನ್, ಪದವನ್ನು ಉಗಿದಂತೆ.

ನಮ್ಮ ಕೋಗಿಲೆ ಮಾಡುವುದೂ ಇದನ್ನೇ ಅಲ್ಲವೇ.
ಅದಕ್ಕೆ ವಸಂತ ಕೊಟ್ಟೆವು, ಮಾವಿನ ಚಿಗುರು ಕೊಟ್ಟೆವು,
ಪದ್ಯದ ಮೇಲೆ ಪದ್ಯ ಕೊಟ್ಟೆವು.
ಕಾವು ಕೊಟ್ಟ ಕಾಗೆಗೆ ಪಿಂಡ.
ಇಲ್ಲಿ ಅದೇ ಕೆಲಸಕ್ಕೆ ಆ ಕಂಠವಿಲ್ಲ,
ಹಾಗಾಗಿ ಬೈಗುಳ.

ತೆಗೆದು ಎಸೆಯಬಹುದಿತ್ತು. ಸೌಟು ಕೈಯಲ್ಲೇ ಇತ್ತು.
ಕಾನೂನು ಅಂದೆ, ಕೆಳಗಿಳಿಸಿದೆ.
ನೆಪ ಸಿಕ್ಕಿದ್ದಕ್ಕೆ ಹಗುರಾಗಿದ್ದೂ ನಿಜ.

ಮೊದಲು ಒಡೆದದ್ದು ಅದೇ.
ಕಣ್ಣಿಲ್ಲ, ಗರಿಯಿಲ್ಲ, ಬರೀ ಕೆಂಪು ಬಾಯಿ.
ಗಂಡ ಹೆಂಡತಿ ಒಂದು ತುತ್ತಿನಲ್ಲೂ ಭೇದ ಮಾಡಲಿಲ್ಲ.
ತಂದದ್ದು ಬೀಜ, ಅರೆದ ಬೀಜ, ಮತ್ತೆ ಬೀಜ.
ಅವರ ಒಲೆಯ ಮೇಲೆ ಬೇಯುವುದೇ ಅದು.
ಇದರ ಮೈಗೆ ಬೇಕಾದದ್ದು ಹುಳು.
ಕನ್ನಡಿಯಲ್ಲಿ ದಿನಾ ಕಂಡೆವು:
ಎಲ್ಲರಿಗಿಂತ ಅಗಲ ಬಾಯಿ, ಎಲ್ಲರಿಗಿಂತ ಮೊದಲ ತುತ್ತು,
ದಿನಕ್ಕೊಂದೆಳೆ ಬತ್ತುವ ಕೊರಳು.
ನಾಲ್ಕನೆಯ ಬೆಳಗ್ಗೆ ಬಾಯಿ ತೆರೆಯಲಿಲ್ಲ.

"ಊಟ ಹಾಕ್ತಿದ್ರಲ್ಲ ಅವ್ವಾ?"
"ಹೌದವ್ವಾ, ಹಾಕ್ತಿದ್ರು."

ಜೂನಿನಲ್ಲಿ ಉಳಿದವು ಹಾರಿದವು.
ಮುಂಬಾಗಿಲು ಬಿಗಿದುಕೊಂಡಿತ್ತು, ಭುಜ ಕೊಟ್ಟು ತೆರೆದೆ.
ಗೂಡಿನ ಅಂಚಿಗೆಲ್ಲ ಸುಣ್ಣ ಹೊಡೆದಂತೆ ಹಿಕ್ಕೆ.
ಫಿಂಚ್ ಎಂದು ಗುರುತಿಸಲು
ಅದೂ ಒಂದು ಲಕ್ಷಣ, ಅಂದಳು ಲೊರೇನ್.
ಅಂಚೆಯ ಡ್ವೇನ್ ಮಾತ್ರ ಈಗಲೂ
ಪಾರ್ಸೆಲ್ ಹಿಡಿದು ಹಿತ್ತಿಲು ಸುತ್ತಿ ಬರುತ್ತಾನೆ,
ಸದ್ದಾಗದಂತೆ ಹೆಜ್ಜೆಯಿಡುತ್ತ.